ಟಕ್ ಎನ್ನುತ್ತಿದ್ದ ಲೋಟ

ಹರಿಹರದಲ್ಲಿ ಚಿಕ್ಕಮ್ಮ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ ಮೊನ್ನೆ ಮತ್ತೆ ಬೈಸಿಕೊಂಡು ಬಂದೆ. ಊಟಕ್ಕೆ ಕೂತಾಗ ಎಲೆಯ ಪಕ್ಕ ಸ್ಟೀಲಿನ ಲೋಟ ಇಟ್ಟರು. ನೀರು ಹಾಕುವವಳು ಬರುವ ಮೊದಲೇ ಅದನ್ನು ಎತ್ತಿಕೊಂಡು ಉಗುರಿನಿಂದ ಕಂಠಕ್ಕೆ ಒಂದು ಸಲ ಬಾರಿಸಿದೆ. ಠಣ್ ಅಂದಿತು. ಕೆಳಗಿಟ್ಟೆ.

"ಏನೇ ಸುಮಾ, ಗಡಿಗಿ ಕೊಳ್ಳಾಕ ಸಂತಿಗೆ ಬಂದೀಯೇನು, ಬಾರ್ಸಿ ನೋಡ್ತೀಯಲ್ಲ?" ಎಂದು ಚಿಕ್ಕಮ್ಮ ಇಡೀ ಪಂಕ್ತಿಗೆ ಕೇಳುವಂತೆ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಂಟು ವರ್ಷದಿಂದ ಇದು ನನ್ನ ಚಾಳಿ. ದೋಸೆ ಹೋಟೆಲಿನಲ್ಲಿ, ಬೀಗರ ಮನೆಯಲ್ಲಿ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಲ್ಲಿ ಸ್ಟೀಲಿನ ಲೋಟ ಕೈಗೆ ಬಂದರೂ ಒಂದು ಸಲ ಬಾರಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆ ಏನೋ ಒಂದು ಹೇಳಿ ಹಾರಿಸಿಬಿಡುತ್ತೇನೆ. ಇವತ್ತು ಹೇಳುತ್ತೇನೆ.

ಆ ವರ್ಷ ನಾನು ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಪಾತ್ರೆ ಜರುಗಿಸುವ ಕೆಲಸಕ್ಕೆ ಸೇರಿದ್ದೆ. ಹೀಗೆ ಹೇಳಿದರೆ ಮದುವೆ ಅಡುಗೆಯವರ ಜೊತೆ ಹೋದೆ ಅಂತ ಜನ ತಿಳಿಯುತ್ತಾರೆ. ವಿನೋಬನಗರದ ನಮ್ಮ ಓಣಿಯವರೂ ಹಾಗೇ ತಿಳಿದಿದ್ದರು. ಚಿತ್ರಕಲೆ ಓದುವಾಗ ನನಗಿಂತ ನಾಲ್ಕು ವರ್ಷ ಮುಂದಿದ್ದ ಮಹೇಶಣ್ಣ, ಒಂದು ಚಾನೆಲ್‌ನ ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆ "ಪಾತ್ರೆ ಮಂದಿ" ಎಂಬ ಧಾರಾವಾಹಿ ಮಾಡುತ್ತಿದ್ದ. ಎರಡೆರಡು ನಿಮಿಷದ ಹದಿಮೂರು ಕಥೆ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಸ್ಟ್ಯಾಂಡಿನ ಮೇಲಿನ ಪಾತ್ರೆಗಳಿಗೆ ಜೀವ ಬರುತ್ತದೆ. ಉಪ್ಪಿನಕಾಯಿ ಜಾಡಿ ಅಲ್ಲಿ ಅಜ್ಜ. ಒಗ್ಗರಣೆ ಸೌಟು ಸಿಡುಕಿನ ಮೇಷ್ಟ್ರು. ಲಟ್ಟಣಿಗೆಗೆ ಉರುಳುವುದು ಬಿಟ್ಟು ಬೇರೆ ಏನೂ ಬಾರದು.

ಕಾರ್ಟೂನಿನಂತೆ ಬರೆದು ಮಾಡುವುದಲ್ಲ. ನಿಜವಾದ ಸೌಟನ್ನು ನಿಜವಾದ ಕಟ್ಟೆಯ ಮೇಲೆ ಇಟ್ಟು ಒಂದು ಫೋಟೋ ತೆಗೆಯಬೇಕು. ಎಳ್ಳುಕಾಳಿನಷ್ಟು ಜರುಗಿಸಬೇಕು, ಇನ್ನೊಂದು ಫೋಟೋ. ಇಂಥ ಹನ್ನೆರಡು ಫೋಟೋ ಸೇರಿದರೆ ಸೌಟು ಒಂದು ಸೆಕೆಂಡು ನಡೆಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿದರೆ ಹತ್ತು ಸೆಕೆಂಡು ಆದರೆ ಪುಣ್ಯ. ಕ್ಯಾಮೆರಾ ಮಹೇಶಣ್ಣನದು, ಜರುಗಿಸುವ ಕೈ ನನ್ನದು. ಬೇರೆ ಯಾರೂ ಇರಲಿಲ್ಲ.

ಸರಸ್ವತಿ ನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಬೆಳಕು ಬದಲಾಗಬಾರದೆಂದು ಕಿಟಕಿಗಳಿಗೆಲ್ಲ ಕಂಬಳಿ ಹೊಡೆದಿದ್ದೆವು. ಗಾಳಿಗೆ ಪಾತ್ರೆ ಅಲುಗಬಾರದೆಂದು ಫ್ಯಾನು ಹಾಕುವಂತಿರಲಿಲ್ಲ. ದಾವಣಗೆರೆಯ ಬೇಸಿಗೆಯಲ್ಲಿ, ಕಂಬಳಿ ಕಟ್ಟಿದ ಕೋಣೆಯಲ್ಲಿ, ಫ್ಯಾನಿಲ್ಲದೆ! ಮೂಗಿನ ತುದಿಯ ಬೆವರು ಜಾಡಿ ಅಜ್ಜನ ತಲೆಯ ಮೇಲೆ ತೊಟ್ಟಿಕ್ಕಿ ಅರ್ಧ ದಿನದ ಕೆಲಸ ಹಾಳಾದಾಗ ಮಹೇಶಣ್ಣ ನನ್ನ ತಲೆಗೆ ಟವೆಲ್ ಸುತ್ತಿಸಿದ. ಆಮೇಲೆ ಕೆಳಗಿನ ಮನೆಯವರು ನನ್ನನ್ನು ಗಾರೆ ಕೆಲಸದವಳು ಅಂದುಕೊಂಡರು.

ಪಾತ್ರೆಗಳನ್ನು ತಂದದ್ದು ಹಳೆ ಪಾತ್ರೆಗೆ ಹೊಸದು ಕೊಡುವ ಅಂಗಡಿಯಿಂದ. ಅಂಗಡಿಯ ಹಿಂದೆ ಕರಗಿಸಲು ಹೋಗುವ ಹಳೆಯ ಸ್ಟೀಲಿನ ರಾಶಿ ಬಿದ್ದಿತ್ತು. ಅದರಲ್ಲಿ ಕೈಯಾಡಿಸುವಾಗ ಒಂದು ಪುಟ್ಟ ಲೋಟ ಸಿಕ್ಕಿತು. ಮಗುವಿನ ಲೋಟ. ಕಂಠದ ಒಂದು ಬದಿ ನೆಗ್ಗಿ, ಕತ್ತು ವಾಲಿಸಿ ಏನೋ ಕೇಳುತ್ತಿರುವಂತೆ ಕಾಣುತ್ತಿತ್ತು. ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಸಿದ್ದರು: ಚಿ. ಕಿರಣ. ನಮ್ಮ ಕಡೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸದೆ ಕೊಡುವುದುಂಟೇ? "ಹೀರೋ ಸಿಕ್ಕ ಮಹೇಶಣ್ಣ, ಹೆಸರನ್ನೂ ತಾನೇ ಇಟ್ಕೊಂಡು ಬಂದಾನ" ಎಂದು ಕುಣಿದೆ. ಈ ಹೆಸರಿನ ಮಗು ಯಾರದು, ಇಂಥ ಲೋಟ ಗುಜರಿಗೆ ಯಾಕೆ ಬಂತು ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಆ ಲೋಟದ ಸದ್ದೂ ಬೇರೆ. ಬೇರೆ ಲೋಟಗಳು ಬಾರಿಸಿದರೆ ಠಣ್ ಎನ್ನುತ್ತಿದ್ದವು, ಇದು ಟಕ್ ಎನ್ನುತ್ತಿತ್ತು. ಕಂಠದ ಮಡಿಸಿದ ಅಂಚು ಒಳಗೇ ಸಡಿಲಾಗಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಮಹೇಶಣ್ಣ ಆ ಸದ್ದನ್ನೇ ರೆಕಾರ್ಡ್ ಮಾಡಿ ಕಿರಣನ ನಗು ಮಾಡಿದ. ಟಕ್ ಟಕ್ ಟಕ್ ಎಂದು ಕಿರಣ ನಕ್ಕರೆ ಸ್ಟ್ಯಾಂಡಿನ ಮೇಲಿನವರೆಲ್ಲ ನಗುತ್ತಿದ್ದರು.

ಹೊಳೆಯುವ ಸ್ಟೀಲು ಕ್ಯಾಮೆರಾಕ್ಕೆ ಆಗದು, ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ. ಹೊಳಪು ಕಳೆಯಲು ಮಹೇಶಣ್ಣ ಏನೇನೋ ಹಚ್ಚಿ ಸೋತಿದ್ದ. ಉಪಾಯ ನನ್ನದು. ಮನೆಯಿಂದ ವಿಭೂತಿ ಗಟ್ಟಿ ತಂದು ನೀರಲ್ಲಿ ತೇದು ತೆಳ್ಳಗೆ ಸವರಿದೆ. ಒಣಗಿದ ಮೇಲೆ ಹೊಳಪು ಹೋಗಿ ಪಾತ್ರೆಗಳು ಸ್ನಾನ ಮುಗಿಸಿ ಬಂದ ಹುಡುಗರಂತೆ ಕಂಡವು. ಆವತ್ತು ನನ್ನ ಬುದ್ಧಿಗೆ ನಾನೇ ಬೀಗಿದ್ದೆ.

ಯುಗಾದಿ ಕಳೆದ ಮೇಲೆ, ಬೇಸಿಗೆ ರಜೆಯಲ್ಲಿ ಪ್ರಸಾರ ಶುರುವಾಯಿತು. ಹತ್ತು ಕಥೆ ಮುಗಿಸಿದ್ದೆವು, ಕೊನೆಯ ಮೂರು ಬಾಕಿ ಇದ್ದವು. ಮೂರನೆಯ ಕಥೆ ಬಂದ ಮರುದಿನ ಸೋಮವಾರ, ಮಟಮಟ ಮಧ್ಯಾಹ್ನ, ಮೆಟ್ಟಿಲು ಹತ್ತಿ ಒಬ್ಬಳು ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಪಾತ್ರಿ ಮಂದಿ ಮಾಡೋರು ಇಲ್ಲೇ ಏನ್ರಿ? ಪಾತ್ರಿ ಅಂಗಡ್ಯಾಗ ಕೇಳಿದ್ರೆ ಕಿಟಕಿಗೆ ಕಂಬ್ಳಿ ಹೊಡೆದ ಮನಿ ಅಂದ್ರು."

"ಹೌದ್ರಿ, ಒಳಗ ಬರ್ರಿ" ಎಂದೆ.

ಅವಳು ಒಳಗೆ ಬರಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಳು. ನನ್ನ ಎಡಗೈಯಲ್ಲಿ ಕಿರಣ ಇದ್ದ, ಬಲಗೈ ಬೆರಳಲ್ಲಿ ವಿಭೂತಿ ಇತ್ತು.

"ಅದನ್ನ ಹಚ್ಚಬ್ಯಾಡ್ರಿ" ಅಂದಳು. "ಮಣ್ಣು ಮಾಡೋ ದಿನ ನಾನಾ ಹಿಂಗ ಹಚ್ಚಿ ಕಳಿಸೀನಿ. ಮತ್ತ ಹಚ್ಚಬ್ಯಾಡ್ರಿ."

ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು. ಅವಳ ಹೆಸರು ರತ್ನಮ್ಮ, ಹರಿಹರದ ಹತ್ತಿರದ ಭಾನುವಳ್ಳಿಯವಳು. ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಹೆಸರು ಹಾಕಿಸಿ ತಂದ ಲೋಟ ಅದು. ಹನ್ನೊಂದು ತಿಂಗಳಿದ್ದಾಗ ಎರಡು ದಿನದ ಜ್ವರಕ್ಕೆ ಮಗು ಹೋಯಿತು. ಅವಳನ್ನು ತವರಿಗೆ ಕಳಿಸಿ, ಮನೆಯವರು ಮಗುವಿನ ಬಟ್ಟೆಯನ್ನು ಯಾರಿಗೋ ಕೊಟ್ಟರು. ಓಣಿಗೆ ಬಂದ ಪಾತ್ರೆಯವನಿಗೆ ಹಳೆಯ ಪಾತ್ರೆಗಳ ಜೊತೆ ಲೋಟವನ್ನೂ ಹಾಕಿ ಹೊಸ ಕೊಡಪಾನ ತೆಗೆದುಕೊಂಡರು. ಕಣ್ಣಿಗೆ ಬೀಳದಿದ್ದರೆ ಮರೆಯುತ್ತಾಳೆ ಎಂಬ ಲೆಕ್ಕ ಅವರದು.

"ಪಕ್ಕದ ಮನ್ಯಾಗ ಟಿವಿ ನೋಡ್ತಿದ್ದೆ ಅಕ್ಕಾರೆ. ನಮ್ಮ ಲೋಟ ನಡ್ಕೊಂಡು ಬಂತು" ಅಂದಳು.

ಅವಳ ಕೈಗೆ ಲೋಟ ಕೊಟ್ಟೆ. ಅವಳು ಉಗುರಿನಿಂದ ಬಾರಿಸಿದಳು. ಟಕ್. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದವಳು ಆ ಸದ್ದಿಗೆ ಹೊಸ್ತಿಲ ಮೇಲೇ ಕುಸಿದು ಕೂತಳು. "ಹೊಸ್ತಿಲಕ್ಕ ಬಡದು ಬಡದು ಹಿಂಗ ಮಾಡಿದ್ದ. ಬಡೀಬಾರ್ದು ಅಂತ ಅತ್ತಿ ಬೈತಿದ್ರು" ಎಂದು ಅಳುತ್ತಲೇ ಹೇಳಿದಳು. ಅವನ ಕೈಯ ಏಟಿನಿಂದ ಆದ ಆ ನೆಗ್ಗನ್ನೇ ನಾವು ಕತ್ತು ವಾಲಿಸಿದ ಚಂದ ಎಂದು ಆರಿಸಿಕೊಂಡಿದ್ದೆವು.

ಮಹೇಶಣ್ಣನ ಮುಖ ಬಿಳಿಚಿತ್ತು. ಲೋಟ ಈಗಲೇ ಕೊಟ್ಟರೆ ಧಾರಾವಾಹಿ ಅಲ್ಲಿಗೇ ನಿಲ್ಲುತ್ತದೆ. ಅವಳೇ ಅವನನ್ನು ಉಳಿಸಿದಳು. "ಒಯ್ಯಾಕ ಬಂದಿಲ್ರಿ. ನೋಡಾಕ ಬಂದೀನಿ. ನಿಮ್ಮ ಕೆಲ್ಸ ಮುಗಿದ ಮ್ಯಾಲೆ ಕೊಡ್ರಿ."

"ಖಂಡಿತ ಕೊಡ್ತೀವಿ. ನಾನಾ ಮನಿಗೆ ತಂದು ಕೊಡ್ತೀನಿ" ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಮಹೇಶಣ್ಣ ಅಲ್ಲ, ನಾನು ಕೊಟ್ಟ ಮಾತು.

ಅಲ್ಲಿಂದ ಸೋಮವಾರ ತಪ್ಪದೆ ಬಂದಳು. ಎರಡನೆಯ ಸಲ ಬರುವಾಗ ಸೆರಗಿನಲ್ಲಿ ಮಕ್ಕಳ ಪೌಡರಿನ ಡಬ್ಬಿ ತಂದಿದ್ದಳು, ಅರ್ಧ ಖಾಲಿಯಾಗಿದ್ದು. "ವಿಭೂತಿ ಬದ್ಲು ಇದನ್ನ ಹಚ್ಚ್ರಿ. ಅವಂದಾ." ಆವತ್ತಿನಿಂದ ಬೆಳಿಗ್ಗೆ ಎದ್ದು ನಾನು ಲೋಟಕ್ಕೆ ಪೌಡರು ಹಚ್ಚುತ್ತಿದ್ದೆ. ಆ ಕೋಣೆಯ ತುಂಬ ಎಳೆಮಗುವಿನ ವಾಸನೆ. ನನಗೆ ಮದುವೆಯಾಗಿರಲಿಲ್ಲ, ಮಕ್ಕಳ ಗೋಜು ಬೇಡವೆಂದು ಬಾಯಿ ಜೋರು ಮಾಡಿ ಓಡಾಡುತ್ತಿದ್ದೆ. ಆದರೂ ಆ ಬೇಸಿಗೆಯಲ್ಲಿ ಆ ಲೋಟವನ್ನು ನಾನು ಎತ್ತುವ ರೀತಿಯೇ ಬದಲಾಯಿತು. ಮಹೇಶಣ್ಣ ನೋಡಿ ಚೇಷ್ಟೆ ಮಾಡುತ್ತಿದ್ದ, ಆಮೇಲೆ ಚೇಷ್ಟೆ ಬಿಟ್ಟ.

ಮೂಲೆಯಲ್ಲಿ ಚಾಪೆ ಹಾಕಿಕೊಂಡು ರತ್ನಮ್ಮ ಸಂಜೆ ಬಸ್ಸಿನ ಹೊತ್ತಿನವರೆಗೆ ನೋಡುತ್ತ ಕೂರುತ್ತಿದ್ದಳು. ನೋಡಲು ಅಲ್ಲೇನಿತ್ತು? ನಾನು ಬಗ್ಗುವುದು, ಏಳುವುದು, ಕ್ಯಾಮೆರಾ ಕ್ಲಿಕ್ ಎನ್ನುವುದು.

"ಇಲ್ಲಿ ಅವ ನಡಿಯೋದಾ ಕಾಣಲ್ಲಲ್ರಿ?" ಎಂದು ಒಮ್ಮೆ ಕೇಳಿದಳು.

ಕಂಪ್ಯೂಟರಿನ ಮುಂದೆ ಕೂರಿಸಿ, ಆ ದಿನ ತೆಗೆದ ನಲವತ್ತು ಫೋಟೋಗಳನ್ನು ಓಡಿಸಿ ತೋರಿಸಿದೆ. ಕಿರಣ ಕಟ್ಟೆಯ ಅಂಚಿನಿಂದ ಜಾಡಿ ಅಜ್ಜನವರೆಗೆ ತಟ್ಟಾಡುತ್ತ ನಡೆದ. ರತ್ನಮ್ಮ ಇನ್ನೊಮ್ಮೆ ಎಂದಳು. ಇನ್ನೊಮ್ಮೆ. ಎಷ್ಟು ಸಲ ತೋರಿಸಿದೆನೋ.

"ಗ್ವಾಡಿ ಹಿಡ್ಕೊಂಡು ನಿಲ್ತಿದ್ದ ಅಕ್ಕಾರೆ. ಹೆಜ್ಜಿ ಇಟ್ಟಿರ್ಲಿಲ್ಲ" ಅಂದಳು.

ಮಹೇಶಣ್ಣ ಎದ್ದು ಹೊರಗೆ ಹೋದ.

ಕೊನೆಯ ಕಥೆಯ ವಿಷಯವನ್ನು ಅವಳಿಗೆ ಹೇಳಿರಲಿಲ್ಲ. ಕೊನೆಯಲ್ಲಿ ಕಿರಣ ಹಳೆಯ ಪಾತ್ರೆಯವನ ಪಾಲಾಗುತ್ತಾನೆ, ಕಲ್ಲಿನ ಮೇಲಿಟ್ಟು ಅವನನ್ನು ಬಡಿಯುತ್ತಾರೆ, ಕರಗಿ ಇನ್ನೊಂದು ಮನೆಯಲ್ಲಿ ಹೊಸ ಪಾತ್ರೆಯಾಗಿ ಹುಟ್ಟಿ ಬರುತ್ತಾನೆ. ಚಾನೆಲ್‌ನವರು ಮೊದಲೇ ಒಪ್ಪಿದ್ದ ಕಥೆ. ಮಹೇಶಣ್ಣನಿಗೆ ಅದರ ಮೇಲೆ ಪ್ರಾಣ. ನಾನು ಅವನ ಜೊತೆ ಎರಡು ದಿನ ಜಗಳ ಆಡಿದೆ.

"ಕಥಿ ಬದಲಾಯ್ಸು, ಇಲ್ಲಾ ಬ್ಯಾರೆ ಲೋಟ ಬಡಿ. ಆ ಲೋಟಕ್ಕ ಒಂದು ಗೀರು ಬಿದ್ರೆ ನಾನು ನಾಳಿಂದ ಬರಲ್ಲ."

"ಆತು ಮಾರಾಯ್ತಿ, ಬ್ಯಾರೇದು ತರ್ತೀನಿ" ಎಂದ. ಅದೇ ಅಳತೆಯ ಲೋಟ ಹುಡುಕಿ ತಂದು, ಅದೇ ಥರ ಚುಕ್ಕೆಯಲ್ಲಿ ಚಿ. ಕಿರಣ ಎಂದು ಹೆಸರು ಹೊಡೆಸಿದ. ಲಟ್ಟಣಿಗೆಯಲ್ಲಿ ಕುಟ್ಟಿ ಅದೇ ಜಾಗದಲ್ಲಿ ನೆಗ್ಗು ಮಾಡಿದ. ಪೌಡರು ಹಚ್ಚಿ ಪಕ್ಕಪಕ್ಕ ಇಟ್ಟರೆ ಹೆತ್ತವಳಿಗೂ ತಿಳಿಯದು ಎಂದು ನಗಾಡಿದ. ನಾನೂ ನಕ್ಕೆ.

ನಮ್ಮ ಪಾತ್ರೆಗಳು ಜಾರದೆ ನಿಲ್ಲಲೆಂದು ಅಡಿಗೆ ಚೂರು ಜೇನುಮೇಣ ಅಂಟಿಸುತ್ತಿದ್ದೆವು. ಅದನ್ನೇ ಗುರುತು ಮಾಡಿಕೊಂಡೆ. ನಿಜವಾದ ಲೋಟದ ಕೆಲಸ ಮುಗಿದಿತ್ತು, ಅದರ ಅಡಿಯನ್ನು ಕೆರೆದು ಶುಚಿ ಮಾಡಿದೆ. ಬಡಿಯುವ ಲೋಟದ ಅಡಿಗೆ ಮೇಣ ಹಾಕಿದೆ. ಮೇಣ ಇದ್ದದ್ದು ಬಡಿಯುವುದು, ಇಲ್ಲದ್ದು ರತ್ನಮ್ಮನದು. ಇದನ್ನು ಮಹೇಶಣ್ಣನಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಎನಿಸಲಿಲ್ಲ.

ಆ ದಿನ ಮೊದಲ ಮಳೆ. ಮಧ್ಯಾಹ್ನ ಕರೆಂಟು ಹೋಯಿತು. ಕಂಬಳಿ ಸರಿಸಿ ಕಿಟಕಿಗೆ ಮುಖ ಕೊಟ್ಟು ಮಣ್ಣಿನ ವಾಸನೆ ಕುಡಿದು, ಮಂಡಕ್ಕಿ ಮೆಣಸಿನಕಾಯಿ ತರುತ್ತೇನೆಂದು ನಾನು ಕೆಳಗಿಳಿದೆ. ಅಷ್ಟರಲ್ಲಿ ಕರೆಂಟು ಬಂತು. ಮತ್ತೆ ಹೋದೀತೆಂಬ ಆತುರಕ್ಕೆ ಮಹೇಶಣ್ಣ, ಲೋಟ ಕಲ್ಲಿನವರೆಗೆ ನಡೆದು ಬರುವ ಕೊನೆಯ ಹೆಜ್ಜೆಗಳನ್ನು ತಾನೇ ತೆಗೆಯಲು ಕೂತ. ಆ ಕತ್ತು ವಾಲಿಸುವ ಚಂದ ಹೊಸದಕ್ಕೆ ಬರಲಿಲ್ಲವೆಂದು ಹಳೆಯದನ್ನು ತೆಗೆದುಕೊಂಡ. ಡಬ್ಬಿಯಲ್ಲಿ ಮೇಣ ಮುಗಿದಿತ್ತು. ಹೊಸ ಲೋಟದ ಅಡಿಯಿಂದ ಕಿತ್ತು ಹಳೆಯದಕ್ಕೆ ಅಂಟಿಸಿದ.

ನಾನು ಪೊಟ್ಟಣ ಹಿಡಿದು ಬರುವಾಗ ಮೇಜಿನ ಮೇಲೆ ಎರಡು ಲೋಟ ಇದ್ದವು. "ಬೇಗ ಸುಮಾ, ಕರೆಂಟು ಹೋಗ್ತೈತಿ" ಎಂದ. ಎರಡನ್ನೂ ಎತ್ತಿ ಅಡಿ ನೋಡಿದೆ. ಮೇಣ ಇಲ್ಲದ್ದನ್ನು ಜೋಪಾನವಾಗಿ ನನ್ನ ಬ್ಯಾಗಿನಲ್ಲಿ ಟವೆಲಿನಲ್ಲಿ ಸುತ್ತಿಟ್ಟೆ. ಮೇಣ ಇದ್ದದ್ದನ್ನು ಕಲ್ಲಿನ ಮೇಲೆ ಇಟ್ಟೆ. ಒಂದು ಏಟು, ಒಂದು ಫೋಟೋ. ಒಂದು ಏಟು, ಒಂದು ಫೋಟೋ. ಹೊರಗೆ ಮಳೆಯ ಸದ್ದು ಎಷ್ಟಿತ್ತೆಂದರೆ ಸುತ್ತಿಗೆಯದು ಬಿಟ್ಟು ಬೇರೆ ಏನೂ ಕೇಳಲಿಲ್ಲ. ಕೊನೆಗೆ ಅದು ಹಪ್ಪಳದಂತೆ ಚಪ್ಪಟೆಯಾಗಿ, ಹೆಸರು ಮಾತ್ರ ಮೇಲ್ಮುಖವಾಗಿ ಕಾಣುತ್ತಿತ್ತು. ಚೆನ್ನಾಗಿ ಬಂದಿದೆ ಎಂದು ಮಹೇಶಣ್ಣ ಬೆನ್ನು ತಟ್ಟಿದ. ಇಬ್ಬರೂ ಕೂತು ಮಂಡಕ್ಕಿ ತಿಂದೆವು.

ಚಾನೆಲ್‌ನವರು ಒಪ್ಪುವವರೆಗೆ ಲೋಟ ಕೊಡಬೇಡ, ತಿದ್ದುವುದು ಬಂದರೆ ಬೇಕಾದೀತು ಎಂದು ಮಹೇಶಣ್ಣ ಹೇಳಿದ್ದರಿಂದ ಕಾದೆ. ಮಳೆ ಹಿಡಿದು ನಾಟಿ ಶುರುವಾದ ಮೇಲೆ ರತ್ನಮ್ಮನೂ ಗದ್ದೆ ಕೆಲಸಕ್ಕೆ ಹೋಗಬೇಕಾಗಿ ಸೋಮವಾರ ಬರುವುದು ನಿಂತಿತ್ತು. ಕೊನೆಯ ಕಥೆ ಪ್ರಸಾರವಾಗುವ ಹಿಂದಿನ ದಿನ, ಶನಿವಾರ, ಲೋಟ ತೊಳೆದು ಒರೆಸಿ ಹೊರಟೆ. ನಾಳೆ ಟಿವಿಯಲ್ಲಿ ನೋಡಿ ಗಾಬರಿಯಾಗುವ ಮೊದಲೇ ನಿಜವಾದದ್ದು ಅವಳ ಕೈ ಸೇರಲಿ ಎಂಬುದು ನನ್ನ ಜಾಣತನ. ಹೊರಡುವಾಗ ಅಮ್ಮ ತಡೆದಳು.

"ಖಾಲಿ ಪಾತ್ರಿ ಯಾರಿಗೂ ತಿರುಗಿ ಕೊಡಬಾರ್ದು. ತಾ ಇಲ್ಲಿ." ಲೋಟದ ತುಂಬ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಳು.

ಹರಿಹರದಲ್ಲಿ ಬಸ್ಸು ಬದಲಾಯಿಸಿ ಭಾನುವಳ್ಳಿಯಲ್ಲಿ ಇಳಿದೆ. ಕಾಲುವೆ ತುಂಬಿ ಹರಿಯುತ್ತಿತ್ತು. ರತ್ನಮ್ಮ ನಾಟಿ ಮುಗಿಸಿ ಆಗಷ್ಟೇ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿದ್ದು ಇವತ್ತಿಗೂ ಕಣ್ಣಲ್ಲಿದೆ. "ಬರ್ರಿ ಅಕ್ಕಾರೆ, ಕೂಡ್ರಿ" ಎಂದು ಚಾಪೆ ಹಾಸಿದಳು.

ನಾನು ಸಂಭ್ರಮದಿಂದ ಹೇಳಿದೆ. ನಾಳೆ ಒಂದು ಲೋಟ ಬಡಿಯುವುದು ತೋರಿಸುತ್ತಾರೆ, ಹೆದರಬೇಡ, ಅದು ನಕಲಿ, ನಿನ್ನ ಕಿರಣ ಇಲ್ಲಿದ್ದಾನೆ ನೋಡು, ಕೂದಲೂ ಕೊಂಕಿಲ್ಲ ಎಂದೆ. ಸಕ್ಕರೆ ತುಂಬಿದ ಲೋಟವನ್ನು ಅವಳ ಕೈಗೆ ಇಟ್ಟೆ. ಅವಳು ಬಟ್ಟೆ ಬಿಚ್ಚಿ ಸಕ್ಕರೆಯನ್ನು ಡಬ್ಬಿಗೆ ಸುರಿದಳು. ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ನಗುತ್ತಲೇ ಉಗುರಿನಿಂದ ಒಂದು ಸಲ ಬಾರಿಸಿದಳು.

ಠಣ್ ಅಂದಿತು.

ಅವಳು ಮತ್ತೊಮ್ಮೆ ಬಾರಿಸಲಿಲ್ಲ. ನಾನು ಕಿತ್ತುಕೊಂಡು ಬಾರಿಸಿದೆ. ಠಣ್. ನೆಲಕ್ಕೆ ಒರೆಸಿ ಬಾರಿಸಿದೆ, ತಲೆಕೆಳಗು ಹಿಡಿದು ಬಾರಿಸಿದೆ. ಅದು ಹೊಸ ಲೋಟ, ಎಷ್ಟು ಚೆನ್ನಾಗಿ ಮೊಳಗುತ್ತಿತ್ತು! ಅಡಿಯ ಮೇಣವನ್ನು ಮಹೇಶಣ್ಣ ಅದಲು ಬದಲು ಮಾಡಿದ್ದು ನನಗೆ ತಿಳಿದದ್ದು ಆ ರಾತ್ರಿ ಫೋನ್ ಮಾಡಿದಾಗ. ಆದರೆ ಏನಾಗಿದೆ ಎಂಬುದು ಆ ಅಂಗಳದಲ್ಲೇ ಇಬ್ಬರಿಗೂ ತಿಳಿಯಿತು.

"ಯಾರು ಬಡದ್ರು?" ಎಂದು ರತ್ನಮ್ಮ ಕೇಳಿದಳು. ಬಹಳ ಮೆಲ್ಲಗೆ ಕೇಳಿದಳು.

"ನಾನಾ ಬಡದೀನಿ" ಎಂದೆ.

ಅವಳು ಎದ್ದು ಒಳಗೆ ಹೋದಳು. ಬೈಯಲಿ, ಬಡಿಯಲಿ, ಓಣಿಯವರನ್ನೆಲ್ಲ ಕರೆಯಲಿ ಎಂದು ಕಾದು ಕೂತೆ. ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಬೊಗಸೆಯಲ್ಲಿ ತಂದಿದ್ದ ಅಕ್ಕಿಯನ್ನು ಅದರ ತುಂಬ ಹಾಕಿ, ಅದೇ ಬಟ್ಟೆಯನ್ನು ಕಟ್ಟಿ ನನ್ನ ಮುಂದೆ ಇಟ್ಟಳು.

"ನಿಮ್ಮ ಪಾತ್ರಿ, ತಗೊಂಡು ಹೋಗ್ರಿ. ಖಾಲಿ ಕೊಡಬಾರ್ದು."

ಹೇಳಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ನನ್ನನ್ನು ಕಳಿಸಲು ಹೊರಗೂ ಬರಲಿಲ್ಲ. ಬಸ್ಸಿನಲ್ಲಿ ಹರಿಹರ ದಾಟುವವರೆಗೆ ಅಳು ಬರಲಿಲ್ಲ. ದಾವಣಗೆರೆ ಹತ್ತಿರವಾದಾಗ ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಾರು ಹೋದರು ತಾಯಿ ಎಂದು ಕೇಳಿದಳು.

ಸೋಮವಾರ ಬೆಳಿಗ್ಗೆ ಸರಸ್ವತಿ ನಗರಕ್ಕೆ ಓಡಿದೆ. ಕೋಣೆ ಖಾಲಿಯಾಗಿತ್ತು, ಕಂಬಳಿ ತೆಗೆದು ಕಿಟಕಿ ತೆರೆದಿದ್ದರು. ಕೆಲಸ ಮುಗಿಯಿತೆಂದು ಮಹೇಶಣ್ಣ ಒಡೆದದ್ದು, ಚಪ್ಪಟೆಯಾದದ್ದು ಎಲ್ಲವನ್ನೂ ವಾರದ ಹಿಂದೆಯೇ ಪಾತ್ರೆ ಅಂಗಡಿಗೆ ತಿರುಗಿ ಕೊಟ್ಟಿದ್ದ. ಅಂಗಡಿಗೆ ಹೋದೆ. "ಆ ಲೋಡು ಶುಕ್ರವಾರಾನ ಹೋತಲ್ರಿ ಮೇಡಂ, ಇಷ್ಟೊತ್ತಿಗೆ ಕರಗಿರ್ತೈತಿ" ಎಂದರು. ಆ ಹಿತ್ತಲಿನಲ್ಲಿ ಮಳೆಯಲ್ಲಿ ನೆನೆಯುತ್ತ, ಉಳಿದಿದ್ದ ರಾಶಿಯನ್ನೆಲ್ಲ ಒಂದೊಂದಾಗಿ ಕೆದಕಿದೆ. ಯಾರ್ಯಾರದೋ ಹೆಸರುಗಳು ಸಿಕ್ಕವು.

ಮಹೇಶಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಗುರುತು ನನ್ನದು, ಹೇಳದೆ ಇದ್ದದ್ದು ನನ್ನ ಬಾಯಿ, ಬಡಿದದ್ದು ನನ್ನ ಕೈ. ಮರುವರ್ಷ ನಾನು ಮತ್ತೆ ಸ್ಕೂಲಿಗೆ ಸೇರಿದೆ. ಭಾನುವಳ್ಳಿಗೆ ಎರಡು ಸಲ ಹೋದೆ, ಎರಡು ಸಲವೂ ಬಸ್ಸಿನಿಂದ ಇಳಿದು ಕಾಲುವೆಯವರೆಗೆ ನಡೆದು ಹಿಂದಿರುಗಿದೆ. ಅವಳು ಕೊನೆಯ ಕಥೆ ನೋಡಿದಳೋ ಇಲ್ಲವೋ, ಕೇಳುವ ಧೈರ್ಯ ಯಾವತ್ತೂ ಬರಲಿಲ್ಲ. ಅವಳು ಕೊಟ್ಟ ಅಕ್ಕಿಯನ್ನು ಅಮ್ಮ ಏನೂ ತಿಳಿಯದೆ ಅನ್ನ ಮಾಡಿ ಬಡಿಸಿದಳು. ಉಂಡೆ. ಲೋಟ ನಮ್ಮ ಸ್ಟ್ಯಾಂಡಿನ ಮೇಲಿದೆ, ಅದರಲ್ಲಿ ಯಾರೂ ನೀರು ಕುಡಿಯುವುದಿಲ್ಲ.

ಮಹೇಶಣ್ಣನ ಕಥೆಯಲ್ಲಿ ಕರಗಿದ ಕಿರಣ ಯಾವುದೋ ಮನೆಯಲ್ಲಿ ಹೊಸ ಪಾತ್ರೆಯಾಗಿ ಬರುತ್ತಾನೆ. ಅಲ್ಲಿ ಯಾರೋ ಬಾರಿಸಿದಾಗ ಟಕ್ ಟಕ್ ಎಂದು ನಗುತ್ತಾನೆ. ಮಕ್ಕಳ ಕಥೆ ಅದು. ಕರಗಿದ ಸ್ಟೀಲಿಗೆ ಹಳೆಯ ಸದ್ದು ಉಳಿಯುವುದಿಲ್ಲ ಎಂಬುದು ನನಗೆ ತಿಳಿಯದೇ?

ಮೊನ್ನೆ ಚಿಕ್ಕಮ್ಮ ಬೈದು ಅತ್ತ ಹೋದ ಮೇಲೆ ನೀರು ಹಾಕುವವಳು ಬಂದಳು. ಪಕ್ಕದ ಎಲೆಯವರು ಎದ್ದು ಹೋಗಿದ್ದರು, ಅವರ ಲೋಟ ಅಲ್ಲೇ ಇತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದನ್ನೂ ಎತ್ತಿ ಬಾರಿಸಿದೆ.